ಹೊಸ ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೀನು ಸಾಯುತ್ತಿದೆಯೇ? ಕೊಡಗಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಹೊಸದಾಗಿ ಇಟ್ಟ ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೊದಲ ಒಂದೆರಡು ತಿಂಗಳಲ್ಲಿ ಸಾಯುವ ಮೀನುಗಳಲ್ಲಿ ಹೆಚ್ಚಿನವನ್ನು ಕೊಲ್ಲುವುದು ನೀರು. ರೋಗದ ಸರದಿ ಆಮೇಲಿನದು. ಆದರೂ ಮೀನೊಂದು ಮೇಲೆ ಬಂದು ಬಾಯಿ ತೆರೆಯತೊಡಗಿದ ಕೂಡಲೇ ಮನೆಯವರ ಕೈ ಔಷಧದ ಬಾಟಲಿಗೇ ಹೋಗುತ್ತದೆ. ನೀರೇ ಕೆಟ್ಟಿರುವಾಗ ಹಾಕಿದ ಔಷಧ ಮೀನಿಗೆ ಎರಡನೇ ಪೆಟ್ಟು. ಜೊತೆಗೆ, ಔಷಧ ಬಿದ್ದ ಮೇಲೆ ಮೂಲ ಕಾರಣ ಯಾವುದೆಂದು ತಿಳಿಯುವ ದಾರಿಯೂ ಮುಚ್ಚಿಹೋಗುತ್ತದೆ.

ಉಪ್ಪಿನ ಚೀಲ, ಹೀಟರಿನ ಪೆಟ್ಟಿಗೆ, ಟೆಸ್ಟ್ ಕಿಟ್ಟಿನ ಚೀಟಿ ಇವುಗಳ ಮೇಲಿನ ಸೂಚನೆಗಳು ಸಮುದ್ರಮಟ್ಟದ, ಬೆಚ್ಚಗಿನ, ಕರೆಂಟ್ ಹೋಗದ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕೊಡಗಿನಲ್ಲಿ ಗಾಳಿ ತೆಳು, ರಾತ್ರಿ ತಂಪು, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು, ಸುತ್ತಲಿನ ತೋಟಗಳಲ್ಲಿ ತಾಮ್ರದ ಸಿಂಪಡಣೆ. ಈ ನಾಲ್ಕೂ ಮೀನನ್ನು ನೇರವಾಗಿ ತಾಗುವ ಸಂಗತಿಗಳು. ಇಲ್ಲಿ ಹೆಚ್ಚಿನ ಜಾಗ ಅವಕ್ಕೇ ಕೊಟ್ಟಿದ್ದೇನೆ.

ಮೀನು ಏದುಸಿರು ಬಿಡುತ್ತಿದ್ದರೆ ಈಗಲೇ ಮಾಡಬೇಕಾದದ್ದು

ಕಾರಣ ಹುಡುಕುವ ಮುನ್ನ ಮೀನಿಗೆ ಸ್ವಲ್ಪ ಸಮಯ ಗಳಿಸಿಕೊಡಬೇಕು. ಪವರ್‌ಹೆಡ್‌ನ (ನೀರನ್ನು ತಳ್ಳಿ ಹರಿಸುವ ಸಣ್ಣ ಪಂಪು) ಬಾಯನ್ನು ಮೇಲ್ಮುಖವಾಗಿ ತಿರುಗಿಸಿ, ನೀರಿನ ಮೇಲ್ಮೈ ಕುದಿಯುವಂತೆ ಕಲಕಬೇಕು. ಏರ್ ಪಂಪ್ ಇದ್ದರೆ ಹಾಕಿ. ಗಾಜಿನ ಮುಚ್ಚಳವನ್ನು ತೆಗೆದಿಡಿ. ಆಹಾರ ನಿಲ್ಲಿಸಿ, ಒಂದೆರಡು ದಿನದ ಉಪವಾಸ ಆರೋಗ್ಯವಂತ ಮೀನಿಗೆ ಏನೂ ಮಾಡದು. ಸತ್ತ ಮೀನು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದರೆ ಹುಡುಕಿ ತೆಗೆಯಿರಿ, ಬಿಟ್ಟರೆ ಉಳಿದವಕ್ಕೂ ಅದೇ ವಿಷವಾಗುತ್ತದೆ.

ಆಮೇಲೆ ನಾಲ್ಕು ಅಳತೆ: ತಾಪಮಾನ, ಉಪ್ಪಿನಂಶ, ಅಮೋನಿಯಾ, ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ). ನೀರು ಬದಲಿಸುವ ಮುನ್ನವೇ ಇವನ್ನು ಅಳೆದು ಕಾಗದದ ಮೇಲೆ ಬರೆಯಿರಿ. ಒಂದು ಲೋಟ ಹಳೆಯ ನೀರನ್ನು ಮುಚ್ಚಿದ ಬಾಟಲಿಯಲ್ಲಿ ಎತ್ತಿಟ್ಟರೆ, ಸಂಶಯ ಬಂದಾಗ ಅದೇ ದಿನ ಮತ್ತೊಮ್ಮೆ ಪರೀಕ್ಷಿಸಬಹುದು. ಗಾಬರಿಯಲ್ಲಿ ಮೊದಲು ನೀರು ಬದಲಿಸಿ ನಂತರ ಅಳೆದರೆ ಸಿಗುವುದು ಹೊಸ ನೀರಿನ ವಿವರ ಮಾತ್ರ.

ಯಾವಾಗ ಸತ್ತಿತು ಎಂಬುದೇ ಮೊದಲ ಸುಳಿವು

ಮೀನಿನ ಮೈ ನೋಡುವುದಕ್ಕಿಂತ ಮೊದಲು ಗಡಿಯಾರ ನೋಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಏದುಸಿರು, ಮಂಕು, ಊಟ ಬಿಡುವುದು ಇವು ಹತ್ತು ಕಾರಣಗಳಿಗೂ ಸಮಾನ ಲಕ್ಷಣಗಳು. ಸಮಯ ಮಾತ್ರ ಒಂದೊಂದು ಕಾರಣಕ್ಕೂ ಬೇರೆ ಬೇರೆ.

ತೊಟ್ಟಿಗೆ ಬಿಟ್ಟ ಕೆಲವೇ ಗಂಟೆಗಳಲ್ಲಿ ಅಥವಾ ಮರುದಿನದೊಳಗೆ ಸತ್ತಿದ್ದರೆ ಸಾಗಾಟದ ಚೀಲ, ಉಪ್ಪಿನಂಶದ ವ್ಯತ್ಯಾಸ ಅಥವಾ ತಾಪಮಾನದ ಆಘಾತವನ್ನು ಮೊದಲು ಶಂಕಿಸಬೇಕು. ಸಂಜೆ ಚೆನ್ನಾಗಿದ್ದು ಬೆಳಿಗ್ಗೆ ಎದ್ದು ನೋಡುವಾಗ ಸತ್ತಿದ್ದರೆ, ಅದರಲ್ಲೂ ದೊಡ್ಡ ಮೀನೇ ಮೊದಲು ಹೋಗಿದ್ದರೆ, ಆಮ್ಲಜನಕ. ಎರಡನೇ ದಿನದಿಂದ ಒಂದು ವಾರದೊಳಗೆ ಎಲ್ಲವೂ ಒಟ್ಟಿಗೆ ಮಂಕಾಗಿದ್ದರೆ ಅಮೋನಿಯಾ. ಒಂದು ವಾರ ಕಳೆದ ಮೇಲೆ ಒಂದಾದ ಮೇಲೊಂದು ಸಾಯುತ್ತಿದ್ದರೆ ಪರೋಪಜೀವಿ. ಮೀನೆಲ್ಲ ಚೆನ್ನಾಗಿದ್ದು ಸಿಗಡಿ, ಶಂಖದ ಹುಳು, ಹವಳ ಮಾತ್ರ ಸಾಯುತ್ತಿದ್ದರೆ ಕೊಡಗಿನಲ್ಲಿ ನನ್ನ ಮೊದಲ ಸಂಶಯ ತಾಮ್ರದ ಮೇಲೆ. ತಿಂಗಳುಗಟ್ಟಲೆ ಬದುಕಿ, ಹೊಟ್ಟೆ ಒಳಗೆ ಸೇರಿ, ಬೆನ್ನಿನ ಮೇಲ್ಭಾಗ ಚೂಪಾಗಿ ಸತ್ತಿದ್ದರೆ ಅದು ಹಸಿವು ಅಥವಾ ಹೊಟ್ಟೆಯೊಳಗಿನ ಹುಳು.

ಇದು ಕಲ್ಲಿನ ಮೇಲೆ ಕೊರೆದ ನಿಯಮವಲ್ಲ. ಅಕ್ಕಪಕ್ಕದ ಎರಡು ಕಾರಣಗಳು ಒಟ್ಟಿಗೆ ಸೇರಿಕೊಳ್ಳುವುದುಂಟು. ಆದರೂ ಯಾವ ಪರೀಕ್ಷೆ ಮೊದಲು, ಯಾವುದು ನಂತರ ಎಂಬ ಕ್ರಮ ಇದರಿಂದ ಸಿಗುತ್ತದೆ.

ಅಮೋನಿಯಾ

ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅದೇ. ಹಳೆಯ ತೊಟ್ಟಿಯಲ್ಲಿ ಕಲ್ಲು, ಮರಳಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಬೇರೆ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಇರುವುದಿಲ್ಲ. ಅವು ಬೆಳೆದು ನಿಲ್ಲಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಅದೂ ನೀರು 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ. ಮಡಿಕೇರಿಯ ಡಿಸೆಂಬರಿನಲ್ಲಿ ಹೀಟರ್ ಹಾಕದೆ ನೀರನ್ನು ಸುಮ್ಮನೆ ತಿರುಗಲು ಬಿಟ್ಟು, ಆರು ವಾರ ಕಳೆಯಿತು ಎಂದು ಮೀನು ತಂದರೆ ಲೆಕ್ಕ ತಪ್ಪುತ್ತದೆ. ತಣ್ಣನೆಯ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಬಹಳ ನಿಧಾನ. ಅವುಗಳಿಗೆ ತಿನ್ನಲು ಅಮೋನಿಯಾವನ್ನೇ ಕೊಡದಿದ್ದರೆ ಬೆಳೆಯುವುದೇ ಇಲ್ಲ. ಖಾಲಿ ತೊಟ್ಟಿ ತಿಂಗಳುಗಟ್ಟಲೆ ಓಡಿದ ಮಾತ್ರಕ್ಕೆ ಹದಕ್ಕೆ ಬಂದಂತಲ್ಲ.

ಸಿಹಿನೀರಿನ ಗೋಲ್ಡ್‌ಫಿಶ್ ಸಾಕಿದ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ; ಒಂದು ಅಷ್ಟಾಗಿ ತೊಂದರೆ ಕೊಡದು, ಇನ್ನೊಂದು ವಿಷ. ಪಿಎಚ್ 7ರ ಸಿಹಿನೀರಿನಲ್ಲಿ ವಿಷದ ಪಾಲು ಶೇ 1ಕ್ಕಿಂತ ಕಡಿಮೆ. ಪಿಎಚ್ 8.2ರ, 25 ಡಿಗ್ರಿಯ ಉಪ್ಪುನೀರಿನಲ್ಲಿ ಅದು ಶೇ 7ರ ಆಸುಪಾಸು. ಕಿಟ್ಟಿನಲ್ಲಿ ಕಾಣುವ ಬಣ್ಣ ಒಂದೇ ಆದರೂ ಕಡಲ ಮೀನಿಗೆ ಅದು ಹಲವು ಪಟ್ಟು ಹೆಚ್ಚು ಘೋರ. ನೈಟ್ರೈಟಿನ ವಿಷಯದಲ್ಲಿ ಮಾತ್ರ ತಿರುವುಮುರುವು: ಉಪ್ಪುನೀರಿನ ಕ್ಲೋರೈಡ್ ಅದನ್ನು ಕಿವಿರಿನೊಳಗೆ ಹೋಗಲು ಬಿಡುವುದಿಲ್ಲ. ಆದ್ದರಿಂದ ನೈಟ್ರೈಟ್ ಸ್ವಲ್ಪ ಕಂಡರೆ ಮೀನು ಸಾಯುತ್ತದೆಂದು ಹೆದರಬೇಡಿ. ತೊಟ್ಟಿ ಇನ್ನೂ ಹದಕ್ಕೆ ಬಂದಿಲ್ಲ ಎಂದು ಮಾತ್ರ ಓದಿಕೊಳ್ಳಿ.

ಅಮೋನಿಯಾ ಕಿಟ್ಟಿನ ಬಣ್ಣವನ್ನು ಹಳದಿ ಬಲ್ಬಿನ ಕೆಳಗೆ ಓದಿದರೆ ಮೋಸ ಹೋಗುತ್ತೀರಿ. ಗಾಜಿನ ಕೊಳವೆಯನ್ನು ಕಿಟಕಿಯ ಬಳಿಗೆ ತಂದು, ಬಣ್ಣದ ಚೀಟಿಯ ಬಿಳಿಯ ಭಾಗಕ್ಕೆ ತಾಗಿಸಿ ಹಿಡಿದು, ಹಗಲಿನ ಬೆಳಕಿನಲ್ಲಿ ನೋಡಬೇಕು. ಹಳದಿಯೋ ತೆಳು ಹಸಿರೋ ಎಂಬ ಅನುಮಾನ ಬರುವುದೇ ಹೆಚ್ಚು. ಅದಕ್ಕೊಂದು ಸುಲಭದ ಉಪಾಯವಿದೆ. ಆಗಷ್ಟೇ ಬೆರೆಸಿದ, ಮೀನಿನ ಸಂಪರ್ಕವೇ ಇಲ್ಲದ ಉಪ್ಪುನೀರನ್ನು ಇನ್ನೊಂದು ಕೊಳವೆಯಲ್ಲಿ ಅದೇ ಕಿಟ್ಟಿನಿಂದ ಪರೀಕ್ಷಿಸಿ ಪಕ್ಕದಲ್ಲಿಡಿ. ಎರಡೂ ಒಂದೇ ಬಣ್ಣವಾದರೆ ಅದು ಕಿಟ್ಟಿನ ಗುಣ. ತೊಟ್ಟಿಯ ನೀರು ಒಂದು ಛಾಯೆ ಹೆಚ್ಚು ಹಸಿರಾಗಿದ್ದರೆ ಅಮೋನಿಯಾ ಇದೆ.

ಇದ್ದರೆ ಏನು ಮಾಡುವುದು? ಕಾಲುಭಾಗ ನೀರು ಬದಲಿಸಿದರೆ ಲೀಟರಿಗೆ 1 ಮಿಲಿಗ್ರಾಂ ಇದ್ದದ್ದು 0.75ಕ್ಕೆ ಇಳಿಯುತ್ತದೆ, ಅಷ್ಟೇ. ಅರ್ಧ ಬದಲಿಸಿದರೆ 0.5. ಹಾಗಾಗಿ ಅಳುಕದೆ ಅರ್ಧ ಬದಲಿಸಿ, ಆದರೆ ಹೊಸ ನೀರು ಅದೇ ತಾಪಮಾನ, ಅದೇ ಉಪ್ಪಿನಂಶದಲ್ಲಿರಲಿ. ಅಮೋನಿಯಾವನ್ನು ತಾತ್ಕಾಲಿಕವಾಗಿ ಕಟ್ಟಿಹಾಕುವ ದ್ರಾವಣಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತವೆ. ಮನೆಯಲ್ಲಿ ಒಂದು ಬಾಟಲಿ ಇರಲೇಬೇಕು. ಪರೋಪಜೀವಿಗೆಂದು ತಾಮ್ರದ ಔಷಧ ಹಾಕಿದ ನೀರಿಗೆ ಮಾತ್ರ ಅದನ್ನು ಬೆರೆಸಬೇಡಿ. ಎರಡೂ ಸೇರಿದರೆ ತಾಮ್ರದ ವಿಷ ಏರುತ್ತದೆ.

ಹದಕ್ಕೆ ಬಂತೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಮೀನಿಲ್ಲದ ತೊಟ್ಟಿಗೆ ಅಮೋನಿಯಂ ಕ್ಲೋರೈಡ್ ಹಾಕಿ ಲೀಟರಿಗೆ 2 ಮಿಲಿಗ್ರಾಂ ಮಟ್ಟಕ್ಕೆ ತನ್ನಿ. 24 ಗಂಟೆಯಲ್ಲಿ ಅದು ಸೊನ್ನೆಗೆ ಇಳಿದರೆ ಮೀನು ತರಬಹುದು. ಮೊದಲು ಎರಡು ಅಗ್ಗದ ಡ್ಯಾಮ್ಸೆಲ್ ಮೀನು ಬಿಟ್ಟು ನೋಡಿ, ಸತ್ತರೆ ಸಾಯಲಿ ಎನ್ನುವ ಸಲಹೆ ಈಗಲೂ ಕೆಲವರಿಂದ ಬರುತ್ತದೆ. ಜೀವವಿರುವ ಪ್ರಾಣಿಯನ್ನು ಪರೀಕ್ಷೆಯ ಕಾಗದದಂತೆ ಬಳಸುವುದು ಕ್ರೂರ. ಅದರ ಅಗತ್ಯವೂ ಇಲ್ಲ.

ಮಳೆಹುಳುಗಳ ಬಗ್ಗೆ ಒಂದು ಎಚ್ಚರಿಕೆ. ಮೊದಲ ಮಳೆಯ ಸಂಜೆ ಗೆದ್ದಲಿನ ರೆಕ್ಕೆಹುಳುಗಳು ಎದ್ದು ಮನೆಯಲ್ಲಿ ಬೆಳಕಿರುವ ಕಡೆಗೆಲ್ಲ ನುಗ್ಗುತ್ತವೆ. ತೊಟ್ಟಿಯ ದೀಪ ಉರಿಯುತ್ತಿದ್ದರೆ ನೂರಾರು ನೀರಿಗೆ ಬೀಳುತ್ತವೆ. ಮೀನು ಕೆಲವನ್ನು ತಿನ್ನುತ್ತದೆ, ಉಳಿದವು ಫಿಲ್ಟರಿನಲ್ಲಿ ಕೊಳೆಯುತ್ತವೆ. ಹೊಸ ತೊಟ್ಟಿಗೆ ಅಷ್ಟು ಹೊರೆ ತಡೆಯುವ ಶಕ್ತಿ ಇರುವುದಿಲ್ಲ. ಆ ಸಂಜೆ ದೀಪ ಆರಿಸಿಬಿಡಿ.

ಎತ್ತರದ ಗಾಳಿ

ನೀರಿನಲ್ಲಿ ಎಷ್ಟು ಆಮ್ಲಜನಕ ಕರಗುತ್ತದೆ ಎಂಬುದನ್ನು ಮೂರು ಸಂಗತಿ ತೀರ್ಮಾನಿಸುತ್ತವೆ: ತಾಪಮಾನ, ಉಪ್ಪು, ಗಾಳಿಯ ಒತ್ತಡ. 25 ಡಿಗ್ರಿಯ ಸಿಹಿನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಅದೇ ತಾಪಮಾನದ ಸಮುದ್ರದ ನೀರು ಹಿಡಿಯುವುದು ಸುಮಾರು 6.7. ಮಡಿಕೇರಿ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ 13ರಷ್ಟು ಕಡಿಮೆ. ಹಾಗಾಗಿ ಮಡಿಕೇರಿಯ ಉಪ್ಪುನೀರು ಪೂರ್ತಿ ತುಂಬಿಕೊಂಡರೂ 5.9ರ ಹತ್ತಿರ ನಿಲ್ಲುತ್ತದೆ. ಸುಮಾರು 830 ಮೀಟರಿನ ಕುಶಾಲನಗರದಲ್ಲಿ ಇಳಿಕೆ ಶೇ 9-10. ಮಂಗಳೂರಿನಲ್ಲಿ ಅದೇ ಪಂಪು, ಅದೇ ಮೀನು, ಅದೇ ಗಾತ್ರದ ತೊಟ್ಟಿ ಸರಾಗವಾಗಿ ನಡೆದರೂ ಇಲ್ಲಿ ನಡೆಯದಿರಲು ಇದೊಂದೇ ಸಾಕು.

ಮೀನಿಗೆ 5.9 ಸಾಲದೆಂದಲ್ಲ, ಸಾಕು. ಕೈಯಲ್ಲಿ ಉಳಿಯುವ ಅಂತರ ಮಾತ್ರ ಕಿರಿದು. ರಾತ್ರಿ ಪಾಚಿಯೂ ಆಮ್ಲಜನಕ ತೆಗೆದುಕೊಳ್ಳುತ್ತದೆ, ಬ್ಯಾಕ್ಟೀರಿಯಾವೂ ತೆಗೆದುಕೊಳ್ಳುತ್ತದೆ, ಬೆಳಗಿನ ಜಾವಕ್ಕೆ ಮಟ್ಟ ತಳ ಮುಟ್ಟಿರುತ್ತದೆ. ಮೇಲ್ಮೈಯಲ್ಲಿ ಎಣ್ಣೆಯಂಥ ಪೊರೆ ಕಟ್ಟಿದ್ದರೆ, ಮೇಲೆ ಗಾಜಿನ ಮುಚ್ಚಳ ಬಿಗಿಯಾಗಿದ್ದರೆ, ಹೊಸ ಗಾಳಿ ಒಳಗೆ ಬರುವ ದಾರಿಯೇ ಇಲ್ಲ. ಮೀನು ಹಾರಿ ಹೊರಗೆ ಬೀಳದಂತೆ, ಹುಳು ಒಳಗೆ ಬೀಳದಂತೆ ತಡೆಯಲು ಗಾಜಿನ ಬದಲು ಚೌಕಟ್ಟಿಗೆ ಕಟ್ಟಿದ ಸೊಳ್ಳೆ ಪರದೆ ಬಳಸಿ.

ಪರೀಕ್ಷೆ ಸರಳ. ಬೆಳಗಿನ ಜಾವ ದೀಪ ಹಾಕುವ ಮೊದಲು ಟಾರ್ಚಿನ ಮಂದ ಬೆಳಕಿನಲ್ಲಿ ಒಂದು ಮೀನಿನ ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಬಾರಿ ತೆರೆಯುತ್ತದೆ ಎಂದು ಎಣಿಸಿ. ಮಧ್ಯಾಹ್ನ ಅದೇ ಮೀನನ್ನು ಮತ್ತೆ ಎಣಿಸಿ. ಬೆಳಗಿನ ಎಣಿಕೆ ಸ್ಪಷ್ಟವಾಗಿ ಹೆಚ್ಚಿದ್ದರೆ ರಾತ್ರಿ ಆಮ್ಲಜನಕ ಸಾಲುತ್ತಿಲ್ಲ. ಎರಡು ಹೊತ್ತೂ ಒಂದೇ ರೀತಿ ಹೆಚ್ಚಿದ್ದರೆ ಅಮೋನಿಯಾ ಅಥವಾ ಕಿವಿರಿನ ಪರೋಪಜೀವಿಯ ಕಡೆಗೆ ಹೋಗಿ. ಮೀನು ಆರೋಗ್ಯವಾಗಿದ್ದಾಗಲೇ ಈ ಎಣಿಕೆ ಬರೆದಿಟ್ಟುಕೊಂಡವರಿಗೆ ಕಷ್ಟಕಾಲದಲ್ಲಿ ಹೋಲಿಸಿ ನೋಡಲು ಏನಾದರೂ ಇರುತ್ತದೆ.

ಪಿಎಚ್ ಕೂಡ ಇದಕ್ಕೇ ಅಂಟಿಕೊಂಡಿದೆ. ಜುಲೈ-ಆಗಸ್ಟಿನಲ್ಲಿ ಕಿಟಕಿ ಬಾಗಿಲು ಮುಚ್ಚಿ, ಒಲೆ ಉರಿಸಿ, ಮನೆಮಂದಿಯೆಲ್ಲ ಒಳಗೇ ಇರುವಾಗ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದು ನೀರಿನಲ್ಲಿ ಕರಗಿ ಪಿಎಚ್ 7.8ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ಆಗ ಪಿಎಚ್ ಏರಿಸುವ ಪುಡಿ ಸುರಿಯಬೇಡಿ. ಒಂದು ಲೋಟ ತೊಟ್ಟಿಯ ನೀರನ್ನು ಜಗಲಿಗೆ ಒಯ್ದು ಏರ್ ಸ್ಟೋನ್ ಹಾಕಿ ಒಂದು ಗಂಟೆ ಗುಳ್ಳೆ ಬಿಟ್ಟು ಮತ್ತೆ ಅಳೆಯಿರಿ. ಪಿಎಚ್ ಏರಿದ್ದರೆ ದೋಷ ಕೋಣೆಯ ಗಾಳಿಯದು. ದಿನಕ್ಕೆ ಸ್ವಲ್ಪ ಹೊತ್ತು ಕಿಟಕಿ ತೆರೆದರೆ ಸಾಕು.

ಉಪ್ಪು

ಗುರಿ 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು), ಅಂದರೆ ಸಾಪೇಕ್ಷ ಸಾಂದ್ರತೆ 1.025-1.026. ಅಡುಗೆಯ ಉಪ್ಪಾಗಲಿ ಕಲ್ಲುಪ್ಪಾಗಲಿ ಇದಕ್ಕೆ ಆಗುವುದಿಲ್ಲ. ಅದರಲ್ಲಿರುವುದು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ; ಕಡಲ ನೀರಿನ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪಿಎಚ್ ಹಿಡಿದಿಡುವ ಬೈಕಾರ್ಬೊನೇಟ್ ಬೇಕಾದಷ್ಟು ಇರುವುದಿಲ್ಲ. ಸಂಪಾಜೆ ಘಾಟಿ ಇಳಿದರೆ ಕಡಲೇ ಸಿಗುತ್ತದಲ್ಲ, ಪಣಂಬೂರಿನಿಂದ ನಾಲ್ಕು ಕ್ಯಾನ್ ತಂದರೆ ಆಯಿತು ಎನ್ನುವುದೂ ಸರಿಯಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಕೆಂಪು ನೀರು ಸೇರಿ ದಡದ ನೀರು ತೆಳ್ಳಗಾಗಿರುತ್ತದೆ, ನಗರದ ಕೊಳೆಯೂ ಅದರಲ್ಲಿರುತ್ತದೆ. ಅಕ್ವೇರಿಯಂ ಉಪ್ಪನ್ನೇ ಬಳಸಿ.

ಈಗ ಕೊಡಗಿನ ತೊಂದರೆ. ಅಕ್ವೇರಿಯಂ ಉಪ್ಪು ಗಾಳಿಯ ತೇವ ಹೀರುತ್ತದೆ. ಚೀಲದ ಮೇಲೆ ಲೀಟರಿಗೆ 36ರಿಂದ 38 ಗ್ರಾಂ ಎಂದು ಬರೆದಿದ್ದರೆ ಅದು ಒಣ ಉಪ್ಪಿನ ಲೆಕ್ಕ. ಗೋಡೆಯೇ ಬೂಷ್ಟು ಹಿಡಿಯುವ ಜುಲೈಯಲ್ಲಿ, ಬಾಯಿ ಸಡಿಲವಾಗಿ ಕಟ್ಟಿದ ಚೀಲದಿಂದ ಅಷ್ಟೇ ಗ್ರಾಂ ತೂಗಿದರೆ ಅದರಲ್ಲೊಂದು ಪಾಲು ನೀರು; ಬೆರೆಸಿದ ನೀರು ತೆಳ್ಳಗಾಗುತ್ತದೆ. ತೂಕವನ್ನು ನಂಬದೆ ಪ್ರತಿ ಸಲವೂ ಅಳೆದೇ ಬಳಸಬೇಕು. ಉಪ್ಪು ಕಲ್ಲಿನಂತೆ ಗಟ್ಟಿಯಾಗಿ, ಬೆರೆಸಿದ ಮೇಲೆ ತಳದಲ್ಲಿ ಕರಗದ ಬಿಳಿ ಹಿಟ್ಟು ಉಳಿಯುತ್ತಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರೆಯಾಗಿದೆ. ಅಂಥ ಚೀಲ ಬಿಸಾಡುವುದೇ ಒಳ್ಳೆಯದು. ಚೀಲ ತಂದ ದಿನವೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಡಿ.

ಅಳೆಯುವ ಸಾಧನವೂ ಸುಳ್ಳು ಹೇಳಬಹುದು. ತೇಲುವ ಗಾಜಿನ ಹೈಡ್ರೋಮೀಟರ್ ಯಾವ ತಾಪಮಾನಕ್ಕೆ ಮಾಡಿದ್ದೆಂದು ಅದರ ಮೇಲೆಯೇ ಬರೆದಿರುತ್ತದೆ. ತಣ್ಣನೆಯ ನೀರಿನಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರಿನ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೂ ಅಳತೆ ಮೇಲೇರುತ್ತದೆ. ಹನಿ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಒಳ್ಳೆಯದು, ಆದರೆ ಅದನ್ನು ಬರಿಯ ಶುದ್ಧ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು. 35 ಪಿಪಿಟಿಯ ಮಾಪನ ದ್ರಾವಣದಲ್ಲಿ ಸರಿಪಡಿಸಬೇಕು. ಒಂದು ಹನಿ ಹಾಕಿ ಅರ್ಧ ನಿಮಿಷ ಬಿಟ್ಟು ಓದಿ.

ನೀರು ಆವಿಯಾದಾಗ ಉಪ್ಪು ಹೋಗುವುದಿಲ್ಲ. 100 ಲೀಟರಿನ ತೊಟ್ಟಿಯಲ್ಲಿ 5 ಲೀಟರ್ ಆರಿದರೆ 35 ಪಿಪಿಟಿ ಸುಮಾರು 36.8 ಆಗುತ್ತದೆ. ಕಡಿಮೆಯಾದದ್ದಕ್ಕೆ ಮತ್ತೆ ಉಪ್ಪುನೀರು ಸುರಿದರೆ ವಾರವಾರ ಏರುತ್ತಲೇ ಹೋಗುತ್ತದೆ. ಸಿಹಿನೀರನ್ನೇ ಹಾಕಿ, ದಿನವೂ ಸ್ವಲ್ಪ ಸ್ವಲ್ಪ. ಮಾರ್ಚ್-ಏಪ್ರಿಲಿನ ಒಣಹವೆಯಲ್ಲಿ ಇದು ದಿನನಿತ್ಯದ ಕೆಲಸ. ಮಳೆಗಾಲದಲ್ಲಿ ಬಹುಮಟ್ಟಿಗೆ ಬೇಕಾಗುವುದೇ ಇಲ್ಲ. ಬೇಸಿಗೆಯ ಅಭ್ಯಾಸಬಲದಿಂದ ಜುಲೈಯಲ್ಲೂ ದಿನಕ್ಕೊಂದು ಚೊಂಬು ಹಾಕುತ್ತಾ ಹೋದರೆ ಉಪ್ಪು ಇಳಿಯುತ್ತದೆ. ಗಾಜಿನ ಮೇಲೆ ಒಂದು ಗೆರೆ ಎಳೆದು, ಗೆರೆ ನೋಡಿ ಹಾಕಿ.

ಚೀಲ ಬಿಚ್ಚುವ ಹೊತ್ತು

ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್. ಅಂಗಡಿ, ಬಸ್ಸು, ಮನೆ ಎಲ್ಲ ಸೇರಿ ಮೀನು ಚೀಲದಲ್ಲೇ ಏಳೆಂಟು ಗಂಟೆ ಇರುವುದು ಸಾಮಾನ್ಯ. ಅಷ್ಟರಲ್ಲಿ ಚೀಲದಲ್ಲಿ ಅಮೋನಿಯಾ ತುಂಬಿರುತ್ತದೆ, ಆದರೆ ಮೀನು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಪಿಎಚ್ ಇಳಿಸಿ ಅದರ ವಿಷವನ್ನು ಅಡಗಿಸಿಟ್ಟಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಆ ಅನಿಲ ಹಾರಿ, ಪಿಎಚ್ ಏರಿ, ಅಮೋನಿಯಾ ವಿಷವಾಗುತ್ತದೆ. ಬಿಚ್ಚಿದ ಚೀಲಕ್ಕೆ ತೊಟ್ಟಿಯ ನೀರನ್ನು ಎರಡು ಗಂಟೆ ಹನಿಹನಿಯಾಗಿ ಬಿಡುವ ಪದ್ಧತಿ ದೂರದಿಂದ ಬಂದ ಮೀನಿಗೆ ಹಿಂಸೆ. ಚೀಲ ಬಿಚ್ಚದೆ 15-20 ನಿಮಿಷ ತೇಲಿಸಿ ತಾಪಮಾನ ಸರಿದೂಗಿಸಿ, ಬಿಚ್ಚಿ ಉಪ್ಪಿನಂಶ ಅಳೆದು, ಮೀನನ್ನು ಬೇಗ ತೊಟ್ಟಿಗೆ ದಾಟಿಸಿ. ಚೀಲದ ನೀರು ತೊಟ್ಟಿಗೆ ಬೇಡ.

ಕೆಲವು ಅಂಗಡಿಗಳು ಪರೋಪಜೀವಿ ತಡೆಯಲೆಂದೂ ಉಪ್ಪು ಉಳಿಸಲೆಂದೂ 1.018-1.020 ಸಾಂದ್ರತೆಯ ನೀರಿನಲ್ಲಿ ಮೀನು ಇಡುತ್ತವೆ. ಅಲ್ಲಿಂದ ನೇರವಾಗಿ 1.026ಕ್ಕೆ ಹಾಕಿದ ಮೀನು ಒಂದೆರಡು ದಿನದಲ್ಲಿ ನೀರು ಕಳೆದುಕೊಂಡು ಸಾಯಬಹುದು. ಮೊದಲೇ ಕೇಳಿ ತಿಳಿದುಕೊಂಡು, ಕ್ವಾರಂಟೈನ್ ತೊಟ್ಟಿಯನ್ನು (ಹೊಸ ಮೀನನ್ನು ಮೊದಲು ಪ್ರತ್ಯೇಕವಾಗಿ ಇಡುವ ತೊಟ್ಟಿ) ಅಂಗಡಿಯ ಮಟ್ಟಕ್ಕೇ ಇಟ್ಟು, ಕೆಲವು ದಿನಗಳಲ್ಲಿ ನಿಧಾನಕ್ಕೆ ಏರಿಸಿ.

ಚಳಿ ಮತ್ತು ಕರೆಂಟ್

ಲೀಟರಿಗೆ 1 ವ್ಯಾಟ್ ಎಂಬ ಹೀಟರಿನ ಲೆಕ್ಕ ಬೆಚ್ಚಗಿನ ಊರಿನದು. ಜನವರಿಯ ರಾತ್ರಿ ಕೋಣೆಯೇ 14-15 ಡಿಗ್ರಿಗೆ ಇಳಿಯುವ ಮನೆಯಲ್ಲಿ ಲೀಟರಿಗೆ 2 ವ್ಯಾಟಿನ ಹತ್ತಿರ ಬೇಕು, ಅದನ್ನೂ ಎರಡು ಹೀಟರುಗಳಿಗೆ ಹಂಚಬೇಕು. ಒಂದು ಕೆಟ್ಟು ನಿಂತರೆ ಇನ್ನೊಂದು ಪೂರ್ತಿ ತಣ್ಣಗಾಗಲು ಬಿಡದು. ಒಂದು ಆರದೆ ಉರಿಯುತ್ತಲೇ ಇದ್ದರೂ ಒಂಟಿಯಾಗಿ ನೀರನ್ನು ಬೇಯಿಸುವಷ್ಟು ಬಲ ಅದಕ್ಕಿರದು. ಹೀಟರಿನ ಗುಂಡಿಯ ಮೇಲಿನ ಅಂಕಿ ನಂಬದೆ ಬೇರೆ ಥರ್ಮಾಮೀಟರ್ ಇಡಿ, ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಎರಡಕ್ಕೂ ನೋಡಿ. ಉಪ್ಪುನೀರಿನ ತೊಟ್ಟಿಯ ಪ್ಲಗ್ಗುಗಳಿಗೆ ಅರ್ಥಿಂಗ್ ಇರುವುದು ಮೀನಿಗಿಂತ ನಿಮ್ಮ ಜೀವಕ್ಕೆ ಮುಖ್ಯ.

ಕರೆಂಟ್ ಹೋದಾಗ ಮೊದಲು ಕೊಲ್ಲುವುದು ಉಸಿರುಗಟ್ಟುವಿಕೆ, ಚಳಿ ಆಮೇಲೆ. ಆದ್ದರಿಂದ ಇನ್ವರ್ಟರಿಗೆ ಸಣ್ಣ ಪವರ್‌ಹೆಡ್ ಅಥವಾ ಏರ್ ಪಂಪನ್ನು ಮಾತ್ರ ಕೊಡಿ. ಐದಾರು ವ್ಯಾಟಿನ ಪಂಪು ಗಂಟೆಗಟ್ಟಲೆ ನಡೆಯುತ್ತದೆ. 200 ವ್ಯಾಟಿನ ಹೀಟರ್ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ. ಬೆಚ್ಚಗಿಡಲು ತೊಟ್ಟಿಯ ನಾಲ್ಕೂ ಬದಿಗೆ ಕಂಬಳಿ ಸುತ್ತಿ, ಮೇಲ್ಭಾಗ ತೆರೆದಿಡಿ. ಇನ್ನೂ ತಣ್ಣಗಾದರೆ ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿ, ಬಿಗಿಯಾಗಿ ಮುಚ್ಚಿ ತೇಲಿಬಿಡಿ. ಮಳೆಗಾಲಕ್ಕೆ ಮುನ್ನ ಬ್ಯಾಟರಿಯ ಏರ್ ಪಂಪ್ ಒಂದನ್ನು ಕೊಂಡಿಡಿ.

ಕರೆಂಟ್ ಬಂದಾಗ ಇನ್ನೊಂದು ಅಪಾಯವಿದೆ. ಕ್ಯಾನಿಸ್ಟರ್ ಫಿಲ್ಟರಿನ ಡಬ್ಬಿಯಲ್ಲಿ ಗಂಟೆಗಟ್ಟಲೆ ನಿಂತ ನೀರಿನ ಆಮ್ಲಜನಕ ತೀರಿ, ಒಳಗಿನ ಬ್ಯಾಕ್ಟೀರಿಯಾ ಸತ್ತು, ನೀರು ನಾರುತ್ತಿರುತ್ತದೆ. ಪಂಪು ತಾನಾಗಿ ಶುರುವಾದರೆ ಅದೆಲ್ಲ ತೊಟ್ಟಿಗೆ ನುಗ್ಗುತ್ತದೆ. ಕರೆಂಟ್ ಹೋಗಿ ಬಹಳ ಹೊತ್ತಾಗಿದ್ದರೆ ಫಿಲ್ಟರಿನ ಪ್ಲಗ್ ಕಿತ್ತಿಡಿ, ಡಬ್ಬಿಯ ನೀರು ಚೆಲ್ಲಿ, ಉಪ್ಪುನೀರಿನಲ್ಲಿ ತೊಳೆದ ಮೇಲೆಯೇ ಓಡಿಸಿ. ಕರೆಂಟ್ ಇಲ್ಲದಾಗಲೂ ಮೀನು ಚೆನ್ನಾಗಿದ್ದು, ಕರೆಂಟ್ ಬಂದ ಮೇಲೆಯೇ ಸತ್ತಿತು ಎನ್ನುವವರು ಈ ಡಬ್ಬಿಯನ್ನು ತೆರೆದು ಮೂಸಿ ನೋಡಲಿ.

ತಾಮ್ರ

ಕಾಫಿ ತೋಟಗಳಲ್ಲಿ ಮಳೆಗೆ ಮುನ್ನವೂ ಮಳೆಯ ನಡುವೆ ಬಿಡುವು ಸಿಕ್ಕಾಗಲೂ ಬೋರ್ಡೊ ದ್ರಾವಣ ಹೊಡೆಯುತ್ತಾರೆ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಈ ದ್ರಾವಣ ಎಲೆತುಕ್ಕು, ಕೊಳೆರೋಗಗಳಿಗೆ ಮದ್ದು. ಅಡಿಕೆಗೂ, ಕರಿಮೆಣಸಿಗೂ ಬಳಕೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಮೀನು ತಾಳುವ ತಾಮ್ರದ ಮಟ್ಟದಲ್ಲೇ ಸಿಗಡಿ, ಬಸವನಹುಳು, ಹವಳ ಸತ್ತುಹೋಗುತ್ತವೆ. ಮಟ್ಟ ಇನ್ನೂ ಏರಿದರೆ ಮೀನೂ ಸಾಯುತ್ತದೆ.

ತಾಮ್ರ ತೊಟ್ಟಿಗೆ ಬರುವ ದಾರಿಗಳನ್ನು ಒಂದೊಂದಾಗಿ ನೋಡಿ. ಉಪ್ಪು ಬೆರೆಸುವ ನೀಲಿ ಡ್ರಮ್ಮು ತೋಟದಿಂದ ಬಂದದ್ದೇ? ಬೋರ್ಡೊ ಕಲಸಿದ ಡ್ರಮ್ಮನ್ನು ಎಷ್ಟು ತೊಳೆದರೂ ನಂಬಬೇಡಿ. ಅಂಚಿನ ತಿರುವಿನಲ್ಲಿ, ಮುಚ್ಚಳದ ಗೀರಿನಲ್ಲಿ ತಿಳಿನೀಲಿ ಹುಡಿ ಕಾಣುತ್ತಿದ್ದರೆ ಸಾಕ್ಷಿ ಬೇರೆ ಬೇಡ. ಚಾವಣಿಯ ಮಳೆನೀರು ಹಿಡಿಯುತ್ತೀರಾ? ಸಿಂಪಡಣೆಯ ದಿನಗಳಲ್ಲಿ ಹೆಂಚಿನ ಮೇಲೂ ಹನಿ ಬಿದ್ದಿರಬಹುದು. ಬಾವಿ ತೋಟದ ಇಳಿಜಾರಿನ ಕೆಳಗಿದೆಯೇ? ಕೊನೆಯದು ಬಚ್ಚಲಿನ ಹಂಡೆ. ಚಳಿಗಾಲದಲ್ಲಿ ಉಪ್ಪುನೀರನ್ನು ಬೆಚ್ಚಗೆ ಮಾಡಲು ತಾಮ್ರದ ಹಂಡೆಯ ಬಿಸಿನೀರು ಒಂದು ಚೊಂಬು ಬೆರೆಸುವುದು ಬಹಳ ಸಹಜವಾಗಿ ಬರುವ ಯೋಚನೆ. ರಾತ್ರಿಯಿಡೀ ತಾಮ್ರದಲ್ಲಿ ನಿಂತು ಕಾದ, ನಮ್ಮ ಕಡೆಯ ಮೆದು, ಸ್ವಲ್ಪ ಆಮ್ಲೀಯ ನೀರು ಆ ಲೋಹವನ್ನು ಸುಲಭವಾಗಿ ಕರಗಿಸಿಕೊಂಡು ಬರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ.

ಪರಿಹಾರ ಆರ್‌ಒ ನೀರು. ಮನೆಯಲ್ಲಿ ಕುಡಿಯುವ ನೀರಿನ ಆರ್‌ಒ ಯಂತ್ರವಿದ್ದರೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಮೊತ್ತ) ಮೀಟರಿನಿಂದ ಅಳೆಯಿರಿ. 10ಕ್ಕಿಂತ ಕೆಳಗೆ ಇರಬೇಕು. ಹಲವು ಯಂತ್ರಗಳಲ್ಲಿ ರುಚಿಗಾಗಿ ಒಂದಿಷ್ಟು ಕಚ್ಚಾ ನೀರನ್ನು ಮತ್ತೆ ಬೆರೆಸುವ ತಿರುಪು ಇರುತ್ತದೆ. ಅದನ್ನು ಪೂರ್ತಿ ಮುಚ್ಚದಿದ್ದರೆ ಯಂತ್ರವಿದ್ದೂ ಪ್ರಯೋಜನವಿಲ್ಲ. ತಾಮ್ರ ಈಗಾಗಲೇ ಒಳಗೆ ಸೇರಿದ್ದರೆ ನೀರು ಬದಲಿಸಿ, ಹೊಸ ಸಕ್ರಿಯ ಇದ್ದಿಲು ಹಾಕಿ, ತಾಮ್ರದ ಟೆಸ್ಟ್ ಕಿಟ್ಟಿನಿಂದ ನೋಡುತ್ತಾ ಹೋಗಿ. ಸುಣ್ಣದ ಕಲ್ಲು, ಮರಳು ಸ್ವಲ್ಪ ತಾಮ್ರ ಹೀರಿಕೊಂಡು ಆಮೇಲೆ ಬಿಡುವುದರಿಂದ ಒಂದು ಸಲದ ಸೊನ್ನೆಯನ್ನು ನಂಬಬೇಡಿ.

ಸೊಳ್ಳೆಯ ದ್ರವ, ಜಿರಳೆಯ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್‌ಗಳೂ ಮೀನು, ಸಿಗಡಿಗಳಿಗೆ ಕಡುವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನು ನೇರ ನೀರಿಗೆ ತುಂಬುತ್ತದೆ. ಬಣ್ಣದ ಆವಿಯೂ ಹೀಗೆಯೇ ಒಳಸೇರುವುದರಿಂದ, ಹುತ್ತರಿಗೆ ಮುನ್ನ ಮನೆಗೆ ಬಣ್ಣ ಬಳಿಯುವವರು ಪಂಪನ್ನು ಬೇರೆ ಕೋಣೆಯಲ್ಲಿಟ್ಟು ಉದ್ದದ ಕೊಳವೆ ಎಳೆಯಬೇಕು.

ಇಷ್ಟೆಲ್ಲ ಸರಿಯಿದ್ದೂ ಸಾಯುತ್ತಿದ್ದರೆ

ಈಗ ಮೀನಿನ ಮೈ ನೋಡಿ. ದೀಪ ಆರಿಸಿ, ಟಾರ್ಚನ್ನು ಬದಿಯಿಂದ ಓರೆಯಾಗಿ ಬಿಡಿ. ರವೆಯ ಕಾಳಿನಂಥ ಬಿಡಿ ಬಿಡಿ ಬಿಳಿ ಚುಕ್ಕೆ, ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಕಾಣುತ್ತಿದ್ದರೆ ಕ್ರಿಪ್ಟೋಕ್ಯಾರಿಯಾನ್ ಎಂಬ ಪರೋಪಜೀವಿ. ಎಣಿಸಲಾಗದಷ್ಟು ನವಿರಾದ ಬೂದು-ಚಿನ್ನದ ಹುಡಿ ಮೈಗೆ ಸವರಿದಂತಿದ್ದು, ಮೀನು ಬೆಳಕಿಗೆ ಅಂಜಿ ಪಂಪಿನ ಹರಿವಿಗೆ ಮುಖ ಕೊಟ್ಟು ನಿಂತಿದ್ದರೆ ಅಮೈಲೂಡಿನಿಯಂ. ಇದು ಎರಡು ಮೂರು ದಿನದಲ್ಲಿ ಇಡೀ ತೊಟ್ಟಿಯನ್ನು ಖಾಲಿ ಮಾಡಬಲ್ಲದು. ನಾಳೆ ನೋಡೋಣ ಎನ್ನುವಂತಿಲ್ಲ. ಕ್ಲೌನ್ ಮೀನಿನ ಮೈಯಿಂದ ಲೋಳೆ ಸಿಪ್ಪೆಯಂತೆ ಸುಲಿಯುತ್ತಿದ್ದರೆ ಬ್ರೂಕ್ಲಿನೆಲ್ಲಾ. ಇದಕ್ಕೆ ತಾಮ್ರ ಕೆಲಸ ಮಾಡುವುದಿಲ್ಲ, ಫಾರ್ಮಾಲಿನ್ ಬೇಕು.

ಮೊದಲೆರಡಕ್ಕೆ ತಾಮ್ರದ ಔಷಧವೇ ನಂಬಿಕಸ್ತ. ಕಲ್ಲು, ಮರಳು ಇಲ್ಲದ ಬೇರೆ ತೊಟ್ಟಿಯಲ್ಲಿ, ಬಾಟಲಿಯ ಮೇಲಿನ ಪ್ರಮಾಣದಂತೆ, ದಿನವೂ ಟೆಸ್ಟ್ ಕಿಟ್ಟಿನಿಂದ ಅಳೆಯುತ್ತಾ ಕೊಡಬೇಕು. ಮುಖ್ಯ ತೊಟ್ಟಿಗೆ ಒಂದು ಹನಿಯೂ ಬೀಳಬಾರದು. ಅಲ್ಲಿ ಉಳಿದ ಕ್ರಿಪ್ಟೋಕ್ಯಾರಿಯಾನ್ ಕೋಶಗಳು ಒಡೆದು, ಅಂಟಿಕೊಳ್ಳಲು ಮೀನು ಸಿಗದೆ ಸಾಯಲು 76 ದಿನ ಮೀನಿಲ್ಲದೆ ಬಿಡುವುದು ಪಳಗಿದವರ ರೂಢಿ. ದೀರ್ಘವೆನಿಸಿದರೂ ಬಿಡಿ. ಆ ದಿನಗಳಲ್ಲಿ ಬ್ಯಾಕ್ಟೀರಿಯಾಗೆ ಆಗಾಗ ಸ್ವಲ್ಪ ಅಮೋನಿಯಾ ಕೊಡುತ್ತಿರಿ.

ಯಾವ ಮೀನು ತಂದಿರಿ ಎಂಬುದನ್ನೂ ಕೇಳಿಕೊಳ್ಳಿ. ಮ್ಯಾಂಡರಿನ್ ಮೀನು ಬದುಕುವುದು ಕಲ್ಲಿನ ಮೇಲಿರುವ, ಸಿಗಡಿಯ ಬಳಗದ ಸೂಕ್ಷ್ಮ ಜೀವಿಗಳಾದ ಕೋಪೆಪಾಡ್‌ಗಳನ್ನು ತಿಂದು. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ, ನೀರು ಎಷ್ಟು ಶುದ್ಧವಿದ್ದರೂ ಅದು ಹಸಿದು ಸಾಯುತ್ತದೆ. ಕ್ಲೀನರ್ ರಾಸ್ ಮೀನೂ ಹೀಗೆಯೇ ಹಸಿದು ಸಾಯುತ್ತದೆ. ಟ್ಯಾಂಗ್ ಜಾತಿಗೆ ದೊಡ್ಡ ತೊಟ್ಟಿ ಬೇಕು. ಮೊದಲ ಮೀನಾಗಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನಿನ ಜೋಡಿಯೇ ಸರಿ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಇವುಗಳ ಮರಿ ಮಾಡುವ ವಿಧಾನವನ್ನು ರೂಪಿಸಿದೆ. ಇವು ಕಡಲಿನಿಂದ ಹಿಡಿದ ಮೀನಿಗಿಂತ ಬೇಗ ಗುಳಿಗೆಯಂಥ ಒಣ ಆಹಾರ ತಿನ್ನುತ್ತವೆ, ಪರೋಪಜೀವಿ ಹೊತ್ತು ತರುವುದೂ ಕಡಿಮೆ.

ಆ ಜೋಡಿ ನಾಲ್ಕು ವಾರ ದಿನವೂ ತಿಂದು, ಅಮೋನಿಯಾ ಒಂದು ದಿನವೂ ಏಳದೆ, ಬೆಳಗಿನ ಕಿವಿರಿನ ಎಣಿಕೆ ಮಧ್ಯಾಹ್ನದ್ದಕ್ಕೆ ಸಮನಾಗಿದ್ದರೆ ಮೂರನೇ ಮೀನಿಗೆ ಹೇಳಿಕಳುಹಿಸಿ. ಅದನ್ನೂ ಮೊದಲು ಕ್ವಾರಂಟೈನ್ ತೊಟ್ಟಿಗೇ ಬಿಡಿ.